ರೇಡಿಯೊ ಅಣ್ಣನ ಗಾಡಿ

ಲಕ್ವ ಹೊಡೆದು ಆಸ್ಪತ್ರೆ ಸೇರಿ ಮನೆಗೆ ಮರಳಿದ ಗಂಡನ ಬಾಯಲ್ಲಿ ಉಳಿದಿದ್ದು ಒಂದೇ ಒಂದು ಮಾತು: ‘ಆಮೇಲೆ’. ನೀರು ಬೇಕಾದರೂ ಆಮೇಲೆ, ಬೇಡವಾದರೂ ಆಮೇಲೆ. ದಿಂಬು ಜಾರಿದರೂ ಅದೇ, ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆದರೂ ಅದೇ. ಮಿದುಳಲ್ಲಿ ಮಾತಿನ ಜಾಗಕ್ಕೆ ಪೆಟ್ಟು ಬಿದ್ದಾಗ ಕೆಲವರಿಗೆ ಹೀಗೆ ಒಂದು ಪದ ಮಾತ್ರ ನಾಲಿಗೆಗೆ ಅಂಟಿಕೊಂಡು ಉಳಿಯುವುದುಂಟು, ನಿಮ್ಮ ಮಾತು ಅವರಿಗೆ ಚೆನ್ನಾಗಿ ತಿಳಿಯುತ್ತದೆ, ನೀವು ಮಾತಾಡುತ್ತಲೇ ಇರಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಅದನ್ನು ಕೇಳಿ ಅವನ ಹೆಂಡತಿ ಟೈಲರಮ್ಮನಿಗೆ ಅಳುವ ಹೊತ್ತಿನಲ್ಲಿ ನಗು ಬಂದಿತ್ತು. ಮದುವೆಯಾದಾಗಿನಿಂದ ಆ ಮನುಷ್ಯನ ಬಾಯಿಂದ ಆಕೆ ಅತಿ ಹೆಚ್ಚು ಸಲ ಕೇಳಿದ್ದ ಮಾತೂ ಅದೇ. ಸಮುದ್ರ ನೋಡಿಕೊಂಡು ಬರೋಣವೆ ಅಂದರೆ ಆಮೇಲೆ. ಮಗಳಿಗೆ ಯಾವ ಕಾಲೇಜು ಅಂದರೆ ಆಮೇಲೆ. ಒಂದಿಷ್ಟು ಕೂತುಕೊಳ್ಳಿ, ಒಂದು ವಿಷಯ ಹೇಳಬೇಕು ಅಂದರೆ ಆಮೇಲೆ ಎನ್ನುತ್ತ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುವವನು. ರಸ್ತೆ ಕೊನೆಯ ಗಾಲ್ಫ್ ಮೈದಾನದಲ್ಲಿ ಅವನು ಬ್ಯಾಟರಿ ಗಾಡಿಗಳ ಮೆಕ್ಯಾನಿಕ್. ಬೆಳಗ್ಗೆ ಹೋದರೆ ಕತ್ತಲಾಗುವ ಹೊತ್ತಿಗೆ ಬರುತ್ತಿದ್ದ. ಊಟಕ್ಕೆ ಕೂತಾಗ ಆಕೆ ಅಂಗಡಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು: ಯಾವ ಗಿರಾಕಿ ಏನಂದಳು, ಯಾರ ಕೋಟಿಗೆ ಯಾರ ತೋಳು ಹೋಗಿ ಕೂತಿತು, ಯಾರು ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡರು. ಅವನು ತಟ್ಟೆ ನೋಡುತ್ತ ಉಣ್ಣುತ್ತಿದ್ದ. ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಗೋಡೆಗೆ ಹೇಳಿದ್ದರೆ ಅದಾದರೂ ಒಂಚೂರು ಸುಣ್ಣ ಉದುರಿಸುತ್ತಿತ್ತು ಎಂದು ಆಕೆ ರೇಗಿದ್ದೂ ಉಂಟು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಯಾರಾದರೂ ಅಂದರೆ, ಹಾಗಾದರೆ ನಮ್ಮ ಮನೆಯಲ್ಲಿ ಬಂಗಾರದ ಗುಡ್ಡವೇ ಬಿದ್ದಿರಬೇಕು, ಹುಡುಕಿಕೊಡಿ ಎನ್ನುತ್ತಿದ್ದಳು.

ಮನೆಯ ಮುಂದಿನ ಕೋಣೆಯೇ ಆಕೆಯ ಅಂಗಡಿ: ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಗಿರಾಕಿಗಳ ಬಟ್ಟೆ ತೂಗುಹಾಕುವ ಸರಳು. ಬಾಗಿಲು ದಾಟಿದರೆ ಈಗ ಅವನ ಮಂಚ. ಮಗಳು ದೂರದ ಊರಿನಲ್ಲಿ ನರ್ಸು. ಬಿಡುವಾದಾಗ ಫೋನು ಮಾಡಿ ಅಪ್ಪನ ಬಿಪಿ ಎಷ್ಟು, ಮಾತ್ರೆ ಕೊಟ್ಟೆಯಾ ಎಂದು ಕೇಳುತ್ತಾಳೆ. ಬಿಪಿ, ಮಾತ್ರೆ ಮುಗಿದರೆ ಇಬ್ಬರಿಗೂ ಮುಂದೇನು ಮಾತಾಡಬೇಕೋ ತಿಳಿಯುವುದಿಲ್ಲ. ಮಾತಾಡುತ್ತಿರಿ ಎಂದು ಡಾಕ್ಟರು ಹೇಳಿದ್ದರೂ ಟೈಲರಮ್ಮನ ಮಾತು ಕ್ರಮೇಣ ಬತ್ತಿತ್ತು. ಮೊದಲಾದರೆ ಕೇಳದ ಗಂಡನ ಮೇಲೆ ಸಿಟ್ಟು ಮಾಡಿಕೊಂಡಾದರೂ ಮಾತಾಡಬಹುದಿತ್ತು. ಕಾಯಿಲೆಯವನ ಮೇಲೆ ಸಿಟ್ಟು ಮಾಡುವುದು ಹೇಗೆ? ಕೆಲವು ದಿನ ಸಂಜೆಯ ತನಕ ಆಕೆ ಗಂಡನೊಡನೆ ಆಡಿದ ಮಾತೆಂದರೆ ‘ಎತ್ತಿ’, ‘ತಿರುಗಿ’, ‘ನುಂಗಿ’ ಇಷ್ಟೇ.

ಇಂಥ ಒಂದು ದಿನ ಉದ್ದಣ್ಣ ಬಂದ. ಆಳು ಬಾಗಿಲಿಗೆ ತಲೆ ತಗ್ಗಿಸಿ ಒಳಬರುವಷ್ಟು ಉದ್ದವಿದ್ದುದರಿಂದ ಆ ಹೆಸರು. ಗಂಡನ ಕೈಕೆಳಗೆ ಕೆಲಸ ಕಲಿತು, ಈಗ ಅವನ ಜಾಗದಲ್ಲಿದ್ದವನು. ಮಂಚದ ಪಕ್ಕ ಒಂದಿಷ್ಟು ಹೊತ್ತು ಕೂತು, ತಾನು ಅಣ್ಣ ಎನ್ನುತ್ತಿದ್ದವನ ಕೈ ಹಿಡಿದು, ಎದ್ದುಬಂದು ಮೇಜಿನ ಹತ್ತಿರ ನಿಂತ. ವಿಷಯವೇನೆಂದರೆ, ಮೈದಾನದವರು ಹಳೆಯ ಗಾಡಿಗಳನ್ನೆಲ್ಲ ಗುಜರಿಗೆ ಹಾಕುತ್ತಿದ್ದರು. ಅಣ್ಣ ಯಾವಾಗಲೂ ಓಡಿಸುತ್ತಿದ್ದ ಗಾಡಿಯೂ ಅದರಲ್ಲಿತ್ತು. ಅವನು ಬಿದ್ದ ದಿನದಿಂದ ಅದು ಶೆಡ್ಡಿನ ಮೂಲೆಯಲ್ಲೇ ನಿಂತು, ಈಗ ಏನು ಮಾಡಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಓಡಿದರೆ ಗುಜರಿಗೆ ಹಾಕುವುದಿಲ್ಲ, ಸಂಜೆ ಹೊತ್ತು ಅಣ್ಣನನ್ನು ಕೂರಿಸಿಕೊಂಡು ಬೇಲಿ ಪಕ್ಕದ ದಾರಿಯಲ್ಲಿ ಸುತ್ತಾಡಿಸಿ ಎಂದು ಮ್ಯಾನೇಜರು ಒಪ್ಪಿದ್ದರಂತೆ.

“ಸೋಮವಾರ ಮೈದಾನದಲ್ಲಿ ಆಟಕ್ಕೆ ರಜಾ. ಅಣ್ಣನ್ನ ಒಂದ್ಸಲ ಕರ್ಕೊಂಡು ಬನ್ನಿ ಅತ್ತಿಗೆ. ನಂಗೆ ತೋಚಿದ್ದೆಲ್ಲ ಮಾಡಿ ನೋಡ್ದೆ. ಅವರೇನಾದ್ರೂ ಹೇಳಬಹುದು.”

“ಬಾಯಿದ್ದಾಗಲೇ ನಂಗೇನೂ ಹೇಳ್ದೋರು. ಈಗ ನಿಂಗೇನು ಹೇಳ್ತಾರಪ್ಪ?” ಅಂದಳು ಟೈಲರಮ್ಮ.

ಆಕೆ ತಮಾಷೆ ಮಾಡುತ್ತಿದ್ದಾಳೆಂದು ತಿಳಿದು ಉದ್ದಣ್ಣ ನಕ್ಕ. ಆ ನಗು ಯಾಕೆಂದು ಆಕೆಗೆ ಅರ್ಥವಾಗಲಿಲ್ಲ.

ಸೋಮವಾರ ಮಧ್ಯಾಹ್ನ ಗಂಡನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ರಸ್ತೆಯುದ್ದಕ್ಕೂ ತಳ್ಳಿಕೊಂಡು ಹೋದಳು. ಗೇಟಿನ ತನಕ ಎಷ್ಟೋ ಸಲ ಬಂದಿದ್ದಳು, ಮರೆತುಹೋದ ಬೀಗದ ಕೈಯನ್ನೋ ಕನ್ನಡಕವನ್ನೋ ಕೊಟ್ಟು ಹೋಗುವುದಕ್ಕೆ. ಗೇಟಿನೊಳಗೆ ಕಾಲಿಟ್ಟಿದ್ದು ಅಂದೇ ಮೊದಲು. ಕತ್ತರಿಸಿದ ಹುಲ್ಲಿನ ವಾಸನೆ. ಜನವಿಲ್ಲದ ಹಸಿರು ದಿಬ್ಬಗಳು. ತಗಡಿನ ಮಾಡಿನ ಉದ್ದನೆಯ ಶೆಡ್ಡು, ಅದರೊಳಗೆ ಸಾಲಾಗಿ ಚಾರ್ಜಿಗೆ ಹಾಕಿದ ಗಾಡಿಗಳ ಸಣ್ಣ ಗುಂಯ್‌ಗುಟ್ಟುವಿಕೆ.

ಬಾಗಿಲಲ್ಲಿ ಹುಲ್ಲು ಕತ್ತರಿಸುವ ಮುದುಕ ಕೂತಿದ್ದ. ಎಲ್ಲರೂ ಅವನನ್ನು ಹುಲ್ಲಜ್ಜ ಎನ್ನುತ್ತಿದ್ದರು. ಕುರ್ಚಿ ಕಂಡವನೇ ಎದ್ದು ಒಳಗೆ ತಿರುಗಿ, “ರೇಡಿಯೊ ಅಣ್ಣ ಬಂದ, ಬನ್ರೋ” ಎಂದು ಕೂಗಿದ. ಗಾಡಿ ತೊಳೆಯುವವರು, ಗೇಟಿನವನು, ಚೆಂಡು ಆಯುವ ಹೆಂಗಸು, ನಾಲ್ಕಾರು ಜನ ಬಂದು ಸುತ್ತ ನಿಂತರು. ಒಬ್ಬ ಅವನ ಭುಜ ಹಿಸುಕಿದ, ಇನ್ನೊಬ್ಬ ಟೋಪಿ ತೆಗೆದು ಅವನ ತಲೆಗೆ ಹಾಕಿದ.

ಯಾರನ್ನು ರೇಡಿಯೊ ಅನ್ನುತ್ತಿದ್ದಾರೆ ಎಂದು ಟೈಲರಮ್ಮ ಮೆಲ್ಲಗೆ ಉದ್ದಣ್ಣನನ್ನು ಕೇಳಿದಳು. ಅಣ್ಣನನ್ನೇ, ಮತ್ತಾರನ್ನು ಅಂದ ಅವನು. ಬೆಳಗ್ಗೆ ಶೆಡ್ಡಿಗೆ ಬಂದು ಬಾಯಿ ತೆರೆದರೆ ಸಂಜೆಗೇ ಮುಚ್ಚುತ್ತಿದ್ದುದು, ಅವನಿಲ್ಲದೆ ಶೆಡ್ಡು ಬಿಕೋ ಅನ್ನುತ್ತಿದೆ ಎಂದ.

ಆಕೆ ಗಂಡನ ಕಡೆ ನೋಡಿದಳು. ಬೇರೆಯವರ ಟೋಪಿ ಹಾಕಿಕೊಂಡು ಕೂತಿದ್ದ ಆ ಮನುಷ್ಯ ಯಾರ ಗಂಡನೋ ಅನ್ನಿಸಿತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಇಷ್ಟು ವರ್ಷ ಅವನ ಹತ್ತಿರ ಮಾತೇ ಇಲ್ಲ ಎಂದು ಆಕೆ ಸಮಾಧಾನ ಮಾಡಿಕೊಂಡಿದ್ದಳು. ಮಾತು ಇತ್ತು. ಅದನ್ನು ಇಲ್ಲಿಗೆ ತಂದು ಸುರಿದು, ಖಾಲಿ ಡಬ್ಬವನ್ನು ಮನೆಗೆ ತರುತ್ತಿದ್ದ.

ಗಾಡಿ ಮೂಲೆಯಲ್ಲಿತ್ತು. ಬಿಳಿಯದು, ಬಿಸಿಲಿಗೆ ಹಳದಿಗಟ್ಟಿತ್ತು. ಸೀಟಿನ ರೆಕ್ಸಿನ್ ಹರಿದಲ್ಲಿ ಯಾರೋ ಅಡ್ಡಾದಿಡ್ಡಿ ಹೊಲಿಗೆ ಹಾಕಿದ್ದರು. ಉದ್ದಣ್ಣ ಗಾಲಿಕುರ್ಚಿಯನ್ನು ಗಾಡಿಯ ಪಕ್ಕಕ್ಕೇ ತಂದು ನಿಲ್ಲಿಸಿ, ತಾನು ಮಾಡಿದ್ದನ್ನೆಲ್ಲ ಪರೀಕ್ಷೆಗೆ ಬಂದವನ ಹಾಗೆ ಒಪ್ಪಿಸತೊಡಗಿದ. ಬ್ಯಾಟರಿ ತುಂಬ ಚಾರ್ಜಾಗಿದೆ, ಮೀಟರಿಟ್ಟು ನೋಡಿದ್ದಾನೆ. ಬ್ಯಾಟರಿಯ ತುದಿಗಳಲ್ಲಿ ಹಸಿರು ಕಟ್ಟಿತ್ತು, ಉಜ್ಜಿ ಬಿಗಿ ಮಾಡಿದ್ದಾನೆ.

“ಆಮೇಲೆ,” ಅಂದ ಗಂಡ.

ಚಾರ್ಜರಿನ ಪ್ಲಗ್ ಸಿಕ್ಕಿಸಿದ್ದರೆ ಗಾಡಿ ಹೊರಡುವುದಿಲ್ಲ. ಅದನ್ನು ಕಿತ್ತು ಪಕ್ಕಕ್ಕಿಟ್ಟಿದ್ದಾನೆ. ಸೀಟಿನಡಿ ಎಳೆದೊಯ್ಯುವಾಗ ಹಾಕುವ ಸ್ವಿಚ್ಚಿದೆಯಲ್ಲ, ಅದು ಓಡಿಸುವ ಕಡೆಗೇ ಇದೆ.

“ಆಮೇಲೆ.”

ಬೀಗದ ಕೈ ತಿರುಗಿಸಿದರೆ ದೀಪ ಹತ್ತುತ್ತದೆ. ಮುಂದೆ ಹಿಂದೆ ಮಾಡುವ ಸ್ವಿಚ್ಚು ಸರಿಯಿದೆ. ಸೊಲೆನಾಯ್ಡ್ ಹೊಸದು ಹಾಕಿದ್ದಾನೆ.

ಸೊಲೆನಾಯ್ಡ್ ಅಂದರೇನೆಂದು ಟೈಲರಮ್ಮ ಕೇಳಿದಳು. ಪೆಡಲ್ ಒತ್ತಿದ ಕೂಡಲೆ ಸೀಟಿನಡಿ ಟಕ್ ಎನ್ನುವ ಒಂದು ಡಬ್ಬಿ, ಅದು ಟಕ್ ಅಂದರೇ ಬ್ಯಾಟರಿಯ ಕರೆಂಟು ಮೋಟಾರಿಗೆ ಹೋಗುವುದು. ಹೊಸದು ಹಾಕಿದರೂ ಅದು ಟಕ್ ಅನ್ನುತ್ತಿಲ್ಲ, ಅದೇ ತನ್ನ ತಲೆನೋವು ಎಂದ. ಇನ್ನು ಉಳಿದಿರುವುದು ಗಾಡಿಯ ಮಿದುಳಿನಂಥ ಕಂಟ್ರೋಲರ್ ಒಂದೇ, ಅದೇ ಹೋಗಿದ್ದರೆ ಗುಜರಿಗೆ ಹಾಕುವುದೇ ದಾರಿ. ಮಿದುಳು ಅಂದ ಮೇಲೆ ಅವನಿಗೆ ತಾನೇನಂದೆ ಎಂದು ಹೊಳೆದು, ತಲೆ ತಗ್ಗಿಸಿ ಸ್ಪ್ಯಾನರು ಹುಡುಕತೊಡಗಿದ.

ಗಂಡ ಎಡಗೈಯಿಂದ ಹೆಂಡತಿಯನ್ನು ತೋರಿಸಿ, ಗಾಡಿಯ ಸೀಟು ತೋರಿಸಿದ. ಬಲಗೈ ಸತ್ತಿತ್ತು, ಎಡಗೈ ಚೆನ್ನಾಗಿತ್ತು. ಉದ್ದಣ್ಣ ಹಿಂದೆ ಮೀಟರು ಹಿಡಿದು ಕೂರಬೇಕಿದ್ದುದರಿಂದ ಪೆಡಲಿಗೆ ಒಬ್ಬರು ಬೇಕಿತ್ತು. ಟೈಲರಮ್ಮ ಹತ್ತಿ ಕೂತು, ಬೀಗದ ಕೈ ತಿರುಗಿಸಿ, ಪೆಡಲ್ ಒತ್ತಿದಳು. ಏನೂ ಆಗಲಿಲ್ಲ. ಬಿಟ್ಟು ಮತ್ತೆ ಒತ್ತಿದಳು. ಎಲ್ಲರೂ ಉಸಿರು ಹಿಡಿದು ಕೇಳಿಸಿಕೊಂಡರು. ಟಕ್ಕೂ ಇಲ್ಲ, ಟಿಕ್ಕೂ ಇಲ್ಲ.

“ಆಮೇಲೆ,” ಅಂದ ಗಂಡ. ದನಿ ಬೇರೆಯಾಗಿತ್ತು. ಇನ್ನೊಮ್ಮೆ ಅನ್ನುತ್ತಿದ್ದಾನೆಂದು ಆಕೆ ಇನ್ನೊಮ್ಮೆ ಒತ್ತಿದಳು. ಅವನು ತಲೆ ಅಲ್ಲಾಡಿಸಿದ. ಇಳಿ ಅನ್ನುತ್ತಿದ್ದಾನೆಂದು ಇಳಿಯಹೋದಳು. “ಆಮೇಲೆ, ಆಮೇಲೆ,” ಎಂದು ಕುರ್ಚಿಯ ತೋಳಿಗೆ ಗುದ್ದಿದ. ಹುಲ್ಲಜ್ಜ ಬ್ಯಾಟರಿ ತೋರಿಸಿದ, ಚೆಂಡಿನ ಹೆಂಗಸು ಬ್ರೇಕು ತೋರಿಸಿದಳು. ಅವನ ಮುಖ ಕೆಂಪೇರಿತು. ಕಣ್ಣಲ್ಲಿ ನೀರು ಬಂತು. ಹೇಳಬೇಕಾದ್ದು ಅಷ್ಟು ಚೆನ್ನಾಗಿ ಗೊತ್ತಿದ್ದೂ ಹೇಳಲಾಗದವನ ಸಂಕಟವನ್ನು ಟೈಲರಮ್ಮ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮನೆಯಲ್ಲಿ ಅವನಿಗೆ ಹೇಳಬೇಕಾದ್ದು ಏನೂ ಇರುವುದಿಲ್ಲ ಎಂದು ಆಕೆ ತಿಳಿದಿದ್ದಳು.

ಆಗ ಅವನು ಕುರ್ಚಿಯಿಂದ ಬಾಗಿ, ಪೆಡಲಿನ ಮೇಲಿದ್ದ ಆಕೆಯ ಪಾದವನ್ನು ಹಿಡಿದುಕೊಂಡ.

ಕಾಯಿಲೆ ಬಿದ್ದ ಮೇಲೆ ಆಕೆಯೇ ಅವನನ್ನು ಎತ್ತಬೇಕು, ಒರೆಸಬೇಕು, ತಿರುಗಿಸಬೇಕು. ಅವನಾಗಿ ಆಕೆಯನ್ನು ಮುಟ್ಟಿರಲಿಲ್ಲ. ಕಾಯಿಲೆಗೆ ಮುಂಚೆಯೂ ಎಂದು ಮುಟ್ಟಿದ್ದನೋ ನೆನಪಾಗಲಿಲ್ಲ. ಅವನು ಪಾದವನ್ನು ನಿಧಾನವಾಗಿ ಕೆಳಕ್ಕೆ ಒತ್ತಿದ. ಬಿಟ್ಟ. ಮತ್ತೆ ಒತ್ತಿದ, ಕೊನೆಯಲ್ಲಿ ಒಂದು ಚೂರು ತಡೆದು ಹಿಡಿದ. ಹೊಲಿಗೆ ಯಂತ್ರದ ಮೇಲೆ ಸವೆದ ಕಾಲು ಅದು. ಪೆಡಲ್ ಇಳಿಯುವ ದಾರಿಯಲ್ಲಿ, ತಳ ಮುಟ್ಟುವುದಕ್ಕೆ ಮುಂಚೆ, ಏನೋ ಒಂದಿಷ್ಟು ಅಡ್ಡ ಬರುತ್ತಿರುವುದು ಆಕೆಗೆ ಆಗ ತಿಳಿಯಿತು. ಯಂತ್ರದೊಳಗೆ ದಾರದ ಹೊಟ್ಟು ಕಟ್ಟಿಕೊಂಡಾಗ ಹೀಗೆಯೇ ಆಗುವುದು.

“ಕೆಳಗೆ ಏನೋ ಸಿಕ್ಕೊಂಡಿದೆ ಉದ್ದಣ್ಣ. ಪೆಡಲಿನ ಒಳಗೆ ನೋಡು,” ಅಂದಳು.

ಗಂಡ ಆಕೆಯ ಪಾದ ಬಿಟ್ಟು ಕುರ್ಚಿಗೆ ಒರಗಿದ. ಓಡಿ ಬಂದವನ ಹಾಗೆ ಏದುಸಿರು ಬಿಡುತ್ತಿದ್ದ.

ಉದ್ದಣ್ಣ ಕಾಲಡಿಯ ರಬ್ಬರು ಹಾಸು ಎತ್ತಿ, ಸ್ಕ್ರೂ ಬಿಚ್ಚಿ, ಪೆಡಲ್ ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆ ಬೆರಳ ಗಾತ್ರದ ಒಂದು ಪುಟ್ಟ ಸ್ವಿಚ್ಚು, ಅದನ್ನು ಒತ್ತುವ ಒಂದು ತಗಡಿನ ನಾಲಿಗೆ. ನಾಲಿಗೆಯನ್ನು ಪೂರ್ತಿ ಮುಚ್ಚಿ, ಒಣಗಿ ಕಲ್ಲಾದ ಮಣ್ಣಿನ ಗೂಡು. ಯಾವುದೋ ಕಣಜ, ತಿಂಗಳುಗಟ್ಟಲೆ ಯಾರೂ ಮುಟ್ಟದ ಜಾಗ ಸಿಕ್ಕಿತೆಂದು ಸಂಸಾರ ಹೂಡಿ, ಮರಿ ಮಾಡಿ, ಹಾರಿಹೋಗಿತ್ತು. ನಾಲಿಗೆ ಅಲ್ಲಾಡದೆ ಸ್ವಿಚ್ಚು ಒತ್ತುವುದಿಲ್ಲ, ಸ್ವಿಚ್ಚು ಒತ್ತದೆ ಟಕ್ ಅನ್ನುವುದಿಲ್ಲ. ತಾನು ಇದನ್ನು ಮೊದಲು ನೋಡಬೇಕಿತ್ತು ಎಂದು ಉದ್ದಣ್ಣ ಹಣೆ ಬಡಿದುಕೊಂಡು, ಸ್ಕ್ರೂಡ್ರೈವರಿನ ತುದಿಯಿಂದ ಮಣ್ಣು ಕೆರೆದು, ಊದಿ, ಒಮ್ಮೆ ಒತ್ತಿ ನೋಡಿ ಅತ್ತಿಗೆ ಅಂದ. ಖುಷಿಯಲ್ಲಿ, ಗಾಡಿ ಓಡದಂತೆ ಹಿಂದಿನ ಚಕ್ರಗಳನ್ನು ಜಾಕಿ ಹಾಕಿ ಎತ್ತುವುದನ್ನು ಮರೆತ.

ಟೈಲರಮ್ಮ ಅದೇ ಹಳೆಯ ಜೋರಿನಲ್ಲಿ ಒತ್ತಿದಳು. ಸೀಟಿನಡಿ ಟಕ್ ಅಂದಿದ್ದೇ ತಡ, ಗಾಡಿ ಛಂಗನೆ ನೆಗೆದು, ಎದುರಿಗೆ ಪೇರಿಸಿಟ್ಟ ಚೆಂಡಿನ ಬುಟ್ಟಿಗಳ ಮೇಲೆ ಹೋಗಿ ನಿಂತಿತು. ಶೆಡ್ಡಿನ ತುಂಬ ಬಿಳಿ ಚೆಂಡುಗಳು ಉರುಳಾಡಿದವು. ಯಾರಿಗೂ ಏನೂ ಆಗಲಿಲ್ಲ. ಎಲ್ಲರೂ ಒಟ್ಟಿಗೆ ನಗತೊಡಗಿದರು.

ಹುಲ್ಲಜ್ಜನಂತೂ ಕಂಬ ಹಿಡಿದುಕೊಂಡು ನಕ್ಕ. ನಗುತ್ತಲೇ, ಇದು ಆ ಮದುಮಗನ ಕೋಟಿನ ಕಥೆಗಿಂತ ಚೆನ್ನಾಗಾಯಿತಲ್ಲಮ್ಮ ಅಂದ.

“ಯಾವ ಕೋಟು?” ಅಂದಳು ಟೈಲರಮ್ಮ.

ಯಾವ ಕೋಟು ಅಂದರೇನು, ಎರಡೂ ಎಡದ ತೋಳೇ ಹೊಲಿದುಬಿಟ್ಟಿದ್ದ ಕೋಟು. ಮದುಮಗ ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಮದುವೆ ಮುಗಿಸಿದನಲ್ಲ, ಅದು. ಆ ಹೆಡ್‌ಮಿಸ್ಸು, ಅಳತೆ ಹತ್ತು ವರ್ಷದ ಹಿಂದಿನದೇ ಇರಲಿ, ಬಟ್ಟೆ ಮಾತ್ರ ಹಿಡಿಸಬೇಕು ಅಂದರಲ್ಲ, ಆ ಕಥೆಯೂ ಇದೆ. ಚೆಂಡು ಆಯುವ ಹೆಂಗಸು ಇನ್ನೊಂದನ್ನು ನೆನೆಸಿಕೊಂಡಳು, ಗೇಟಿನವನು ಮತ್ತೊಂದನ್ನು. ಎಲ್ಲವೂ ಟೈಲರಮ್ಮ ಊಟದ ಹೊತ್ತಿನಲ್ಲಿ ತಟ್ಟೆ ನೋಡುವ ಗಂಡನಿಗೆ ಹೇಳಿದ್ದ ಮಾತುಗಳೇ. ಆಕೆ ಹೇಗೆ ಹೇಳಿದ್ದಳೋ ಹಾಗೆಯೇ, ಆಕೆಯದೇ ರಾಗದಲ್ಲಿ. ಅಣ್ಣ ನಿಮ್ಮ ಹಾಗೆ ಕೈಯನ್ನು ಸೊಂಟಕ್ಕಿಟ್ಟುಕೊಂಡು ಹೇಳಿದರೆ ಹೊಟ್ಟೆ ಹುಣ್ಣಾಗುತ್ತಿತ್ತು, ನಿಮ್ಮನ್ನು ನೋಡದವರಿಗೂ ಇಲ್ಲಿ ನೀವು ಗೊತ್ತು ಎಂದ ಉದ್ದಣ್ಣ.

ಟೈಲರಮ್ಮ ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದಳು. ಹುಲ್ಲಜ್ಜ ನಗು ನಿಲ್ಲಿಸಿ ಕಣ್ಣೊರೆಸಿಕೊಂಡ.

“ಎಲ್ಲಾ ತಮಾಷೆಗೇ ಹೇಳ್ತಿರ್ಲಿಲ್ಲಮ್ಮ. ಮಗಳು ಹಾಸ್ಟೆಲಿಗೆ ಹೋದ ದಿನ ನೀವು ಸೂಜಿಗೆ ದಾರ ಹಾಕ್ದೆ ಕತ್ತಲಾದ್ರೂ ಮಿಷನ್ ತುಳೀತಿದ್ರಂತಲ್ಲ. ಮಾರನೇ ದಿನ ನಮ್ ರೇಡಿಯೊ ಅದನ್ನ ಹೇಳಿ, ಮತ್ತೆ ಬಾಯಿ ತೆಗೀಲಿಲ್ಲ.”

ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಏನಾದರೂ ಒಂದು ಸದ್ದಿರಲೆಂದು ಅವತ್ತು ಬರಿಯ ಯಂತ್ರ ತುಳಿದಿದ್ದಳು. ಗಂಡ ಯಾವಾಗ ಬಂದನೋ, ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದನೋ ಆಕೆಗೆ ಗೊತ್ತಿರಲಿಲ್ಲ. ಊಟ ಬಡಿಸಿದಾಗ ಎಂದಿನಂತೆ ತಟ್ಟೆ ನೋಡಿಕೊಂಡು ಉಂಡು ಎದ್ದಿದ್ದ.

ಆಕೆ ಗಾಡಿಯಿಂದ ಇಳಿದು, ಚೆಂಡುಗಳ ಮಧ್ಯೆ ಕಾಲಿಡಲು ಜಾಗ ಹುಡುಕುತ್ತ ಹೊರಗೆ ನಡೆದಳು. ಶೆಡ್ಡಿನ ಹಿಂದೆ ನಲ್ಲಿಯಿತ್ತು. ಮುಖ ತೊಳೆದುಕೊಂಡು, ತೊಳೆದುಕೊಂಡಷ್ಟೂ ಒದ್ದೆಯಾಗುತ್ತಿದ್ದ ಕಣ್ಣುಗಳನ್ನು ಬೈದುಕೊಂಡು, ಅಲ್ಲಿಯೇ ನಿಂತಳು. ಒಳಗೆ ಚೆಂಡು ಆಯುವ ಸದ್ದು, ನಗು. ಸಂತೋಷಪಡಬೇಕೋ, ಒಳಗೆ ಹೋಗಿ ಅವನ ಟೋಪಿ ಕಿತ್ತೆಸೆಯಬೇಕೋ ತಿಳಿಯಲಿಲ್ಲ. ಅವನು ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಿದ್ದ. ಆಕೆಯನ್ನು ಆಕೆಗೆ ಗೊತ್ತಿಲ್ಲದ ಹಾಗೆ ನೋಡಿದ್ದ. ಹಂಚಿಕೊಳ್ಳುವುದಕ್ಕೆ ಮಾತ್ರ ಮನೆ ಬಿಟ್ಟು ಊರೆಲ್ಲ ಬೇಕಾಗಿತ್ತು.

ಸಂಜೆಯ ಬಿಸಿಲಿಳಿದ ಮೇಲೆ ಉದ್ದಣ್ಣ ಗಾಡಿ ಹೊರಗೆ ತಂದು, ಮೆಲ್ಲಗೆ ತುಳಿಯುವುದನ್ನೂ ನಿಲ್ಲಿಸುವುದನ್ನೂ ಆಕೆಗೆ ಕಲಿಸಿದ. ಗಂಡನನ್ನು ಇಬ್ಬರೂ ಎತ್ತಿ ಸೀಟಿನಲ್ಲಿ ಕೂರಿಸಿ, ಬೀಳದಂತೆ ಬೆಲ್ಟು ಕಟ್ಟಿದರು. ಟೈಲರಮ್ಮ ಬೇಲಿಯ ಪಕ್ಕದ ದಾರಿಗೆ ಗಾಡಿ ಬಿಟ್ಟಳು. ಶೆಡ್ಡು ಹಿಂದೆ ಉಳಿಯಿತು. ಚಕ್ರದಡಿಯ ಜಲ್ಲಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ದಿಬ್ಬದ ಮೇಲೆ ನಿಲ್ಲಿಸಿದಳು.

“ಅಲ್ಲಾರೀ, ಎಲ್ಲಾ ಕೇಳಿಸ್ಕೊಂಡಿದ್ರಿ ತಾನೆ? ಒಂದೇ ಒಂದ್ಸಲ ನನ್ನೆದುರಿಗೆ ನಕ್ಕಿದ್ರೆ ನಿಮ್ಮಪ್ಪನ ಮನೆ ಗಂಟೇನು ಹೋಗ್ತಿತ್ತು?”

ಅವನು ಆಕೆಯ ಕಡೆ ತಿರುಗಿದ. ಬಾಯಿ ತೆರೆಯಿತು. ಆ ಒಂದು ಪದ ಬಿಟ್ಟು ಬೇರೇನಾದರೂ ಬರಲೆಂದು ಅವನು ಒದ್ದಾಡುತ್ತಿದ್ದುದು ಕಾಣುತ್ತಿತ್ತು. ಬರಲಿಲ್ಲ. ಆ ಪದವನ್ನು ಹೇಳುವುದು ಬೇಡವೆಂದೋ ಏನೋ, ಬಾಯಿ ಮುಚ್ಚಿಕೊಂಡು ಮೈದಾನದ ಕಡೆ ನೋಡತೊಡಗಿದ. ಟೈಲರಮ್ಮನೂ ಆ ಕಡೆಯೇ ನೋಡಿದಳು. ಇಬ್ಬರು ಕೂರುವ ಸೀಟಿನಲ್ಲಿ ಇಬ್ಬರೂ ಕೂತಿದ್ದರು, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಉಳಿದ ಹಾಗಿತ್ತು. ತಡವಾಗಿ ತಿಳಿದದ್ದನ್ನು ಇಟ್ಟುಕೊಂಡು ಏನು ಮಾಡುವುದೆಂದು ಆಕೆಗೆ ತೋಚಲಿಲ್ಲ. ಚಳಿಯಾಗತೊಡಗಿದಾಗ ಗಾಡಿ ತಿರುಗಿಸಿದಳು.

ಮರುದಿನ ಗುಜರಿಯ ಲಾರಿ ಬಂದು ಉಳಿದ ಹಳೆಯ ಗಾಡಿಗಳನ್ನು ಹೇರಿಕೊಂಡು ಹೋಯಿತು. ಇದೊಂದು ಉಳಿಯಿತು. ಅಲ್ಲಿಂದೀಚೆಗೆ ವಾರದಲ್ಲಿ ಕೆಲವು ದಿನ ಟೈಲರಮ್ಮ ಮಧ್ಯಾಹ್ನವೇ ಗಂಡನನ್ನು ಶೆಡ್ಡಿಗೆ ಬಿಟ್ಟು ಬರುತ್ತಾಳೆ. ಅಲ್ಲಿ ಅವನ ಸುತ್ತ ಜನ ಕೂತು ಅವನು ಹೇಳಿದ್ದ ಕಥೆಗಳನ್ನು ಅವನಿಗೇ ಹೇಳುತ್ತಾರೆ. ಆಕೆ ಒಬ್ಬಳೇ ಮನೆಗೆ ಬಂದು ಯಂತ್ರದ ಮುಂದೆ ಕೂರುತ್ತಾಳೆ. ಒಳಕೋಣೆಯಲ್ಲಿ ಮಂಚ ಖಾಲಿಯಿರುತ್ತದೆ. ಮಾತಾಡದ ಮನುಷ್ಯ ಮನೆಯಲ್ಲಿರುವುದಕ್ಕೂ ಮನುಷ್ಯನೇ ಇಲ್ಲದಿರುವುದಕ್ಕೂ ಎಷ್ಟು ಅಂತರವಿದೆ ಎಂಬುದು ಆ ಹೊತ್ತಿನಲ್ಲಿ ತಿಳಿಯುತ್ತದೆ. ಒಂದು ದಿನ ಮಗಳ ಫೋನು ಬಂದಾಗ ಬಿಪಿ, ಮಾತ್ರೆ ಮುಗಿದ ಮೇಲೆ, ಚೆಂಡಿನ ಬುಟ್ಟಿಗೆ ಗಾಡಿ ಗುದ್ದಿದ್ದನ್ನೂ ಹೇಳಿದಳು. ಮಗಳು ನಕ್ಕಳು. ದಾರವಿಲ್ಲದ ಸೂಜಿಯ ವಿಷಯವನ್ನು ಮಾತ್ರ ಆಕೆ ಹೇಳಲಿಲ್ಲ.

ಸಂಜೆ ಹೋಗಿ ಅವನನ್ನು ಹತ್ತಿಸಿಕೊಂಡು ದಿಬ್ಬದ ತನಕ ಹೋಗುತ್ತಾಳೆ. ಅಂದಿನ ಸುದ್ದಿಯನ್ನು ಅಲ್ಲಿ ಹೇಳುತ್ತಾಳೆ. ಮೊನ್ನೆ ಒಬ್ಬ ವಕೀಲರು ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಬಂದು, ನನ್ನ ಸೊಂಟ ಬೆಳೆದಿಲ್ಲ, ನಿಮ್ಮ ಟೇಪು ಕುಗ್ಗಿದೆ ಎಂದು ವಾದ ಹೂಡಿದ್ದರು. ಅದನ್ನು ಹೇಳುವಾಗ ಆಕೆ ತನಗೆ ತಿಳಿಯದೆಯೇ ಸ್ಟೀರಿಂಗ್ ಬಿಟ್ಟು ಕೈಯನ್ನು ಸೊಂಟಕ್ಕಿಟ್ಟುಕೊಂಡಳು. ಗಂಡನ ಬಾಯಿಯ ಎಡತುದಿ ಸ್ವಲ್ಪ ಮೇಲೆದ್ದಿತು. ನಗುವೋ, ಜೊಲ್ಲು ನುಂಗುವ ಯತ್ನವೋ, ಹೇಳುವುದು ಕಷ್ಟ. ಬಲತುದಿಯಲ್ಲಿ ಇಳಿಯುತ್ತಿದ್ದುದನ್ನು ಆಕೆ ಬಟ್ಟೆಯ ತುಂಡಿನಿಂದ ಒರೆಸಿ, ವಕೀಲರು ಮುಂದೇನಂದರು ಎಂಬುದನ್ನು ಹೇಳತೊಡಗಿದಳು.